ಹುಣಸೆಬೀಜದ ಮೇಡಂ

ಹೊಸ ಹುಣಸೆಹಣ್ಣು ಬಿಡಿಸ್ತಾ ಕೂತಿದ್ದೆ. ಮೊಮ್ಮಗಳು ಮೊರದಿಂದ ಹತ್ತು ಬೀಜ ಆರಿಸಿ, ತೊಳೆದು, ನನ್ನ ಅಂಗೈಗೆ ಹಾಕಿದಳು. ಅವಳ ಪಿಎಚ್‌ಡಿಗಂತೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಮೊಮ್ಮಗಳು ಪಿಎಚ್‌ಡಿ ಮಾಡ್ತಾಳೆ ಕಣ್ರೀ... ಹಾಲಿನವನಿಗೂ ಎರಡು ಸಲ ಹೇಳಿಬಿಟ್ಟಿದ್ದೀನಿ. ರಾಜಕೀಯದ ವಿಷಯದಲ್ಲಿ ಗಂಡಸರ ಮನಸ್ಸು ಹೆಚ್ಚು ಉಗ್ರವೋ ಹೆಂಗಸರದೋ ಅಂತ ಅಳೆಯೋದು ಅವಳ ಕೆಲಸ. ಬೀಜ ಅಂಗೈಗೆ ಬಿದ್ದದ್ದೇ ತಡ, ಆ ಮೇಡಂ ನೆನಪಾದರು.

ಆಗ ನಾವು ಒಂಟಿಕೊಪ್ಪಲಿನ ವಠಾರದಲ್ಲಿದ್ದೆವು. ಎಲೆಕ್ಷನ್ ಗಲಾಟೆಯಲ್ಲಿ ಕಲ್ಲು ಬಿದ್ದು ನನ್ನ ತಮ್ಮನ ಒಂದು ಕಣ್ಣು ಹೋಗಿ ತಿಂಗಳಾಗಿತ್ತು. ಯೂನಿವರ್ಸಿಟಿಯಿಂದ ಜನರ ಅಭಿಪ್ರಾಯ ಕೇಳೋಕೆ ಅಂತ ಒಬ್ಬರು ಮೇಡಂ ಹೆಗಲಿಗೆ ಬಟ್ಟೆ ಚೀಲ ಹಾಕಿಕೊಂಡು ಮನೆಮನೆಗೂ ಬರ್ತಿದ್ದರು. ಓದು ಬಾರದವರಿಗೆ ಅಂತ ಹತ್ತು ಹುಣಸೆಬೀಜ, ಒಂದು ಬಟ್ಟಲು. ‘ಎದುರು ಪಾರ್ಟಿಯವರಿಗೆ ಹೊಡೆದು ಬಡಿದಾದರೂ ಬುದ್ಧಿ ಕಲಿಸಬೇಕು’ ಅನ್ನೋ ಮಾತು ಓದಿ ಹೇಳೋರು. ಎಷ್ಟು ಒಪ್ಪಿಗೆಯೋ ಅಷ್ಟು ಬೀಜ ಬಟ್ಟಲಿಗೆ ಹಾಕಬೇಕು.

ನಮ್ಮ ಯಜಮಾನರು ಆರು ಹಾಕಿದರು. ನನ್ನ ಸರದಿ ಬಂದಾಗ, “ಅವಳದು ಹೆಂಗರುಳು, ಎರಡು ಅಂತ ಬರ್ಕೊಳಿ ಮೇಡಂ” ಅಂದರು. ನಾನೂ ಎರಡೇ ಹಾಕಿದೆ.

ಮಾರನೇ ದಿನ ಇವರು ಡ್ಯೂಟಿಗೆ ಹೋದ ಮೇಲೆ ಮೇಡಂ ಮತ್ತೆ ಬಂದರು. ಒಲೆ ಪಕ್ಕ ಮಣೆ ಎಳೆದುಕೊಂಡು ಕೂತು, “ನಿನ್ನೆ ನೀವು ಹಾಕಿದ್ದೂ ನಿಮ್ಮ ಯಜಮಾನರದೇ ಕಣಮ್ಮ. ಈಗ ನಿಮ್ಮದು ಹಾಕಿ” ಅಂತ ಬೆನ್ನು ತಿರುಗಿಸಿದರು. ಹತ್ತೂ ಸುರಿದುಬಿಟ್ಟೆ. ಮೇಡಂ ಬೈಲಿಲ್ಲ, ಬುದ್ಧಿ ಹೇಳ್ಲಿಲ್ಲ, ಎಣಿಸಿ ಹತ್ತು ಅಂತ ಬರ್ಕೊಂಡರು. ಯಾಕೆ ಅಂತ ಮಾತ್ರ ಕೇಳಿದರು. ತಮ್ಮನ ವಿಷಯ ಹೇಳಿ ಅತ್ತುಬಿಟ್ಟೆ. ಅದುವರೆಗೂ ನನ್ನನ್ನ ಯಾರೂ ಕೇಳಿರಲಿಲ್ಲ. ಅತ್ತಾದ ಮೇಲೆ ಮನಸ್ಸು ಹಗುರಾಗಿ, ನಾಚಿಕೆಯೂ ಆಗಿ, “ನಾಕು ವಾಪಸ್ ತಗೊಳ್ಳಲಾ?” ಅಂದೆ.

“ಇವತ್ತಿನ ಮನಸ್ಸು ಇವತ್ತಿಗೆ. ಬರೋ ವರ್ಷ ಬರ್ತೀನಿ, ಆಗ ಹೊಸದಾಗಿ ಹಾಕಿ.”

ಅಷ್ಟರಲ್ಲಿ ನಾವು ಸರಸ್ವತಿಪುರಂಗೆ ಮನೆ ಬದಲಾಯಿಸಿದೆವು. ಅವರು ಬಂದು ಬಾಗಿಲು ತಟ್ಟಿ ಹೋದರೋ ಏನೋ... ನನ್ನ ಹತ್ತು ಅವರ ಕಾಗದದಲ್ಲಿ ಹತ್ತಾಗೇ ಉಳೀತು.

ಇದನ್ನೆಲ್ಲ ಹೇಳಿದ್ದಕ್ಕೆ ಮೊಮ್ಮಗಳು ಬೆರಗಾಗಿ ನನ್ನ ಮುಖ ನೋಡಿದಳು. ಈ ಬೀಜದ ಕ್ರಮ ಅವಳಿಗೆ ಕಲಿಸಿದವರಿಗೆ ಪಾಠ ಹೇಳಿದ್ದೇ ಆ ಮೇಡಂ ಅಂತೆ. ಮೇಡಂ ತೀರಿಹೋಗಿ ನಾಲ್ಕು ವರ್ಷವಾಯಿತಂತೆ.

ಆಮೇಲೆ ಅದೇ ಹಳೇ ಮಾತು ಓದಿ ಹೇಳಿ, “ಈಗ ಹಾಕಜ್ಜಿ” ಅಂತ ಬೆನ್ನು ತಿರುಗಿಸಿ ಕೂತಳು, ಥೇಟ್ ಅವರ ಹಾಗೇ.

ಒಂದು ಹಾಕಿದೆ. ತಮ್ಮ ಇವತ್ತಿಗೂ ಕತ್ತು ಓರೆ ಮಾಡಿಕೊಂಡೇ ಪೇಪರ್ ಓದ್ತಾನೆ, ಅದಕ್ಕೆ ಆ ಒಂದು. ಮಿಕ್ಕ ಒಂಬತ್ತು ನನ್ನ ಮುಷ್ಟಿಯಲ್ಲೇ ಇವೆ. ತೋರಿಸೋಣ ಅಂದರೆ ಮೇಡಂ ಇಲ್ಲ.