ದಮ್ ಬಿಡುತ್ತ ಬಿಗಿ ಹಿಡಿದದ್ದು

ಮುನ್ನಿ, ಬಾಳ್ಯಾ, ನನ್ನ ಮೊಮ್ಮಕ್ಕಳೇ, ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮುನ್ನಿ, ನಿನ್ನನ್ನು ತೊಟ್ಟಿಲಿಗೆ ಹಾಕಿದ ದಿನ ನಾನು ಭಾಲ್ಕಿಗೆ ಬರಲಿಲ್ಲ. ಮೊಣಕಾಲು ನೋವೆಂದು ನಿಮ್ಮಪ್ಪನಿಗೆ ಸುಳ್ಳು ಹೇಳಿದೆ. ನಿಜವೆಂದರೆ ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ನನ್ನ ಸೀರೆ ಒದ್ದೆಯಾಗುತ್ತಿತ್ತು. ದನಿ ಏರಿಸಿ ಹಾಡಿದರೂ ಅದೇ ಪಾಡು. ಕುಶನೂರಿನಿಂದ ಬಸ್ಸಿನಲ್ಲಿ ಕುಲುಕುತ್ತ ಹೋಗಿ, ಬೀಗರ ಜಮಖಾನದ ಮೇಲೆ ಕುಳಿತು ಜೋಗುಳ ಹಾಡುವುದು ಹೇಗೆ? ಗಂಡನಿಲ್ಲದವಳೆಂದು ನಮ್ಮಲ್ಲಿ ಯಾರೂ ತೊಟ್ಟಿಲಿನಿಂದ ದೂರ ಇಡುವುದಿಲ್ಲ. ನಾನೇ ದೂರ ಉಳಿದೆ.

ಬಾಳ್ಯಾ, ನೀನು ನಿನ್ನವ್ವನ ಹೊಟ್ಟೆಯಲ್ಲಿದ್ದಾಗ, ನನ್ನ ಬಿ.ಪಿ. ನೋಡಲು ಮನೆಗೆ ಬಂದ ನರ್ಸಬಾಯಿಯ ಎದುರು ಸೀನಿ, ತೊಡೆ ಬಿಗಿದು ಕುಳಿತೆ.

"ಸೀನಿದ್ರ ಸೀರಿ ತೋಯ್ತದೇನ್ರಿ, ಆಯಿ?"

ಮಡಿಲ ಮೇಲೆ ಸೆರಗು ಎಳೆದುಕೊಂಡೆ.

"ನಾಚಬ್ಯಾಡ್ರಿ. ಹಡದವರಿಗಿ ಭಾಳ ಮಂದಿಗಿ ಹಿಂಗ ಆಗ್ತದ. ಕಸರತ್ ಮಾಡಿದ್ರ ಕಮ್ಮಿ ಆಗ್ತದ."

ಔರಾದಿನ ದವಾಖಾನೆಗೆ ಕರೆದೊಯ್ದು ತೋರಿಸಿದಳು. ಬೇರೆ ರೋಗವಿಲ್ಲವೆಂದಾಯಿತು. ಮೂತ್ರ ತಡೆಯುವವರಂತೆ ಒಳಗಿನಿಂದ ಬಿಗಿ ಹಿಡಿದು ಬಿಡಬೇಕು ಎಂದು ಹೇಳಿಕೊಟ್ಟಳು.

ಒಂದು ತಿಂಗಳು ಮಾಡಿದೆ. ಏನೂ ಆಗಲಿಲ್ಲ. ಒಂದು ದಿನ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಬಾಗಿಲಲ್ಲಿ ನಿಂತು ನೋಡಿದಳು.

"ಅಕ್ಕಾ, ಯಾಕ ಹಿಂಗ ಮುಕ್ಕರಿಸ್ಲತ್ತಿ? ಮಾರಿ ಕೆಂಪ್ ಮೆಣಸಿನಕಾಯಿ ಆಗ್ಯಾದ! ಈ ವಯಸ್ಸಿನಾಗ ಇನ್ನೊಂದು ಹಡೀತಿ ಏನ?"

ಮುಂದಿನ ಸಲ ನರ್ಸಬಾಯಿ ಬಂದಾಗ ಮಾಡಿ ತೋರಿಸಿದೆ. ಆಕೆಯೂ ನಕ್ಕಳು.

"ದಮ್ ಹಿಡೀಬ್ಯಾಡ್ರಿ, ಆಯಿ! ನೀವು ಕೆಳಗ ನೂಕ್ಲತ್ತೀರಿ. ದಮ್ ಬಿಡ್ಕೋತ ಮ್ಯಾಲ ಎಳ್ಕೋರಿ. ನಿಮ್ಮ ಎಲಿ-ಅಡಕಿ ಸಂಚಿ ದಾರ ಎಳದಂಗ."

ತುಂಬಿದ ಕೊಡ, ತೊಗರಿ ಚೀಲ, ಅಳುವ ಕೂಸು, ಏನನ್ನೇ ಎತ್ತಲಿ, ಹುಟ್ಟಿದಾಗಿನಿಂದ ನಾನು ದಮ್ ಹಿಡಿದೇ ಎತ್ತಿದ್ದೆ. ಬಿಡು ಎಂದು ಯಾರೂ ಹೇಳಿರಲಿಲ್ಲ. ಆ ದಿನದಿಂದ ಹೊಟ್ಟೆಯ ಮೇಲೆ ಕೈಯಿಟ್ಟು ಕಲಿತೆ. ಉಸಿರು ಒಳಗೆ ಬಂದರೆ ಹೊಟ್ಟೆ ಅರಳುತ್ತದೆ, ಕೆಳಗೆ ಸಡಿಲವಾಗುತ್ತದೆ. ಉಸಿರು ಬಿಡುತ್ತ ಸಂಚಿಯ ಬಾಯಿ ಮುಚ್ಚಬೇಕು. ಬೇಳೆ ಹಸನು ಮಾಡುವಾಗಲೂ, ಬಸ್ಸಿಗೆ ಕಾಯುವಾಗಲೂ ಮಾಡಿದೆ. ಎದುರಿಗೆ ಕುಳಿತವರಿಗೂ ಕಾಣದ ಕಸರತ್ತು. ನನ್ನಂಥ ನಾಚಿಕೆಯವಳಿಗೆ ಇನ್ನೇನು ಬೇಕು?

ಮೂರನೆಯ ತಿಂಗಳು ಖಾರ ಕುಟ್ಟುವಾಗ ಸೀನು ಬಂತು. ಸೀರೆ ಒಣಗಿಯೇ ಇತ್ತು. ನಂಬಿಕೆಯಾಗದೆ ಖಾರದ ಕೈ ಮೂಗಿಗೆ ಹಿಡಿದು ಇನ್ನೆರಡು ಸಲ ಸೀನಿದೆ.

ಬಾಳ್ಯಾ, ಬೀದರಿನಲ್ಲಿ, ನಿನ್ನವ್ವನ ತವರಿನಲ್ಲಿ, ನಿನ್ನ ತೊಟ್ಟಿಲು. ಹೊರಡುವಾಗ ನೆಗೆಣ್ಣಿ ಎಚ್ಚರಿಸಿದಳು: "ಅಕ್ಕಾ, ನೀರು ಕಮ್ಮಿ ಕುಡಿ. ದಾರಿ ದೂರ ಅದ."

"ಇನ್ನೊಂದ್ ಗಿಲಾಸ್ ಕೊಡು," ಎಂದೆ.

ಬೀದರ ಬಸ್ ನಿಲ್ದಾಣದಲ್ಲಿ ರಾಣಿಯಂತೆ ಇಳಿದೆ. ತೊಟ್ಟಿಲ ಹಗ್ಗ ಹಿಡಿದು ಜೋಗುಳ ಎತ್ತಿದೆ. ಎಳೆಯ ಹೆಂಗಸರಿಗೆ ಉಸಿರು ಸಾಲದೆ ನಿಂತ ಕಡೆ ನನ್ನ ದನಿ ಇನ್ನೂ ಮುಂದೆ ಹೋಗುತ್ತಿತ್ತು. ನಡುವೆ ನೆಗೆಣ್ಣಿ, "ಅಕ್ಕಾ, ಮೈಕ್ ನುಂಗೀದಿ ಏನ?" ಎಂದಳು. ಸೆರಗು ಬಾಯಿಗೆ ಹಿಡಿಯದೆ, ಹೊಟ್ಟೆ ಕುಣಿಯುವಂತೆ ನಕ್ಕೆ. ಒಂದು ಹನಿಯೂ ಜಾರಲಿಲ್ಲ.

ಓದಿ ನಗಬೇಕೆಂದರೆ ನಗಿರಿ, ಈ ಹಾಳೆ ಮಾತ್ರ ಹರಿಯಬೇಡಿ. ಬಟ್ಟೆಯ ಟ್ರಂಕಿನ ತಳದಲ್ಲಿಡಿ. ಮುನ್ನಿ, ಹೆತ್ತ ಮೇಲೆ ನಿನಗೆ ಬೇಕಾದೀತು. ಬಾಳ್ಯಾ, ನಿನ್ನ ಹೆಂಡತಿ ಹೇಳಲು ನಾಚಿದರೆ, ನೀನೇ ತೆಗೆದು ಅವಳ ಕೈಗೆ ಕೊಡು.