ದುಂಡಮ್ಮ ಖರೆ ಹೇಳಿದ್ದು

ಕಮಲಾಪುರದ ದುಂಡಮ್ಮಗ ಗಲ್ಲದ ಒಳಗ ಹುಣ್ಣಾಗಿ, ಅದು ಕ್ಯಾನ್ಸರ್ ಅಂತ ಗೊತ್ತಾಗಿ, ಮನಿಯವರೆಲ್ಲಾ ಕೈಚೆಲ್ಲಿ ಕುಂತಿದ್ರು. ಎರಡ ಸಾವಿರದ ಮೂರನೇ ಇಸ್ವಿ ಇರಬೇಕು, ನಮ್ಮ ಹಿರೇ ಎಮ್ಮಿ ಅವಳಿ ಕರಾ ಹಾಕಿದ ವರ್ಷ. ಆಗ ಕಲಬುರ್ಗಿ ದವಾಖಾನಿ ಡಾಕ್ಟರ್ ಹೇಳಿದ್ರಂತ, "ಹೊಸಾ ಔಷಧ ಒಂದು ಬಂದದ, ಇನ್ನಾ ಪರೀಕ್ಷಾದಾಗ ಅದ. ಮಂದಿಗಿ ಆರಿಸಿ ತಗೋತೀವಿ. ಮೊದಲ ತಪಾಸಣಿ ಆಗ್ಲಿ."

ತಪಾಸಣಿ ಅಂದ್ರ ಏನ್ ಒಂದಾ ಎರಡಾ? ರಕ್ತ ತಗೊಂಡ್ರು, ಎದಿ ಫೋಟೋ ಹಿಡದ್ರು, ಹೃದಯದ ಪಟ್ಟಿ ತಗೀಲಾಕ ಕುಪ್ಪಸ ಬಿಚ್ಚಂದ್ರು. ದುಂಡಮ್ಮ ಸೆರಗ ಬಿಗಿ ಹಿಡಕೊಂಡು, "ಗಂಡನ ಮುಂದ ಸುದ್ದಾ ದೀಪಾ ಆರಿಸಿದಾಕಿ ನಾ" ಅಂದಳು. ಸಿಸ್ಟರ್ ಲತೀಫಾ, "ಇಲ್ಲಿ ಕರೆಂಟ ತಾನೇ ಹೋಗತದ, ಬಿಚ್ಚ್ರಿ ಅಮ್ಮಾ" ಅಂದಳು. ನಗತಾ ನಗತಾ ಆ ನಾಚಿಕಿ ಕಳೀತು. ಅಸಲಿ ನಾಚಿಕಿ ಮುಂದ ಇತ್ತು.

ಬಾಜೂಕ ಸೊಸಿ ಅಮೃತ ಚೀಟಿ ಎಲ್ಲಾ ಹಿಡಕೊಂಡು ಕುಂತಿದ್ದಳು. ಲತೀಫಾ ಕಾಗದ ಮುಂದಿಟ್ಕೊಂಡು ವಯಸ್ಸೆಷ್ಟು, ಹೆರಗಿ ಎಷ್ಟು ಅಂತ ಕೇಳಕೋತ ಬಂದು, "ಮಿಸರಿ ತಿಕ್ಕತೀರೇನ್ರಿ?" ಅಂದಳು.

"ಇಲ್ಲವ್ವಾ!"

"ಖರೆ ಹೇಳ್ರಿ. ಉಚ್ಚಿ ತಪಾಸಣಿ ಮಾಡಿದ್ರ ಗೊತ್ತಾಗತದ. ಮಿಸರಿ ತಿಕ್ಕವರಿಗಿ ಸಾಹೇಬ್ರು ಬ್ಯಾಡ ಅನ್ನಂಗಿಲ್ಲ. ಸುಳ್ಳ ಬರಸಿದವರ ಹೆಸರ ಹೊಡದ ಹಾಕ್ತಾರ."

ದುಂಡಮ್ಮ ಓರೆಗಣ್ಣಿಲೆ ಸೊಸಿ ಕಡಿ ನೋಡಿದಳು.

ಮಿಸರಿ ಈಗಿನ ಹುಡುಗ್ಯಾರಿಗಿ ಗೊತ್ತಿರಲಿಕ್ಕಿಲ್ಲ. ಹಂಚಿನ ಮ್ಯಾಲ ತಂಬಾಕ ಕರ್ರಗ ಹುರದು, ಪುಡಿ ಮಾಡಿ ಹಲ್ಲಿಗಿ ತಿಕ್ಕೋದು. ನಮ್ಮ ಓಣ್ಯಾಗ ಅರ್ಧ ಹೆಣ್ಮಕ್ಕಳು ತಿಕ್ಕತಿದ್ರು, ಹೇಳಕೋತಿದ್ದಿಲ್ಲ. ನಾನೂ... ಇರ್ಲಿ ಬಿಡು. ದುಂಡಮ್ಮ ಅಂತೂ ಭಜನಿ ಮ್ಯಾಳದಾಕಿ, ಆಕಿ ಮ್ಯಾಲ ಯಾರಿಗಿ ಸಂಶೆ ಬರಬೇಕು? ಮೂರ ವರ್ಷದ ಹಿಂದ ಮಗ ಕಾಶಿರಾಯನ ಕೈಗಿ ಜ್ವಾಳದ ಗಡಗ್ಯಾಗ ಮಿಸರಿ ಡಬ್ಬಿ ಸಿಕ್ಕಿತ್ತು. "ಯಾರದಿದು?" ಅಂದ. ಅಮೃತ ಆಗ ಹೊಸಾ ಸೊಸಿ, ಅತ್ತಿ ಮುಖ ನೋಡಿದಳು. ಅತ್ತಿ ಅಂದಳು, "ತವರಮನಿಯಿಂದ ಕಲತು ಬಂದಾಳ."

ಇಷ್ಟೇ ಮಾತು. ಕಾಶಿರಾಯ ಹೆಂಡತಿಗಿ ತಾಜಸುಲ್ತಾನಪುರದಾಗ ತವರಿನ ಕಟ್ಟಿ ಮ್ಯಾಲ ಬಿಟ್ಟ ಬಂದ. ಎರಡ ತಿಂಗಳು ಆ ಹುಡುಗಿ ಅಲ್ಲೇ. ಆಕಿ ತಾಯಿ ಮರೆಮ್ಮಗ ಓಣಿಯವರು, "ಮಗಳಿಗಿ ಛಲೋ ವಿದ್ಯಾ ಕಲಸೀದಿ" ಅಂತ ಹಂಗಸಿದ್ರು. ಅದೇ ಹುಡುಗಿ ಈಗ ಮುಂಜಾನಿಯಿಂದ ಅತ್ತಿಗಿ ಗಂಜಿ ಆರಿಸಿ ಆರಿಸಿ ಕುಡಿಸ್ಯಾಳ.

"ನನ್ನ ಸೊಸಿಗಿ ಜರಾ ಹೊರಗ ಕಳಸವ್ವಾ," ಅಂದಳು ದುಂಡಮ್ಮ. ಅಮೃತ ಎದ್ದಿಲ್ಲ. ದುಂಡಮ್ಮ ನೆಲಾ ನೋಡಕೋತ ಅಂದಳು, "ತಿಕ್ಕತೀನಿ. ಮೂವತ್ತ ವರ್ಷಾತು."

"ದಿನಕ್ಕ ಮೂರ ಸಲ ಅಂತ ಬರಕೊಳ್ರಿ ಸಿಸ್ಟರ್," ಅಂದಳು ಅಮೃತ.

"ನಿನಗ ಗೊತ್ತಿತ್ತ?"

"ಡಬ್ಬಿ ನಂದಲ್ಲಂತ ನನಗ ಗೊತ್ತಿರಂಗಿಲ್ಲೇನ್ರಿ ಅತ್ತಿ? ಅಡಗಿಮನ್ಯಾಗ ಇದ್ದವರೇ ಇಬ್ಬರು."

ಕುಪ್ಪಸ ಬಿಚ್ಚಿದಾಗ ಆಗಲಾರದ ನಾಚಿಕಿ ಆಗ ಆಯ್ತು ಆಕಿಗಿ. ಮಣ್ಣಾಗ ಹೋಗ್ಲೇನು ಅನಿಸಿತು. ಉಚ್ಚಿಗೂ ಕಾಗದಕ್ಕೂ ತಾಳೆ ಆಗಿ ಆಮ್ಯಾಲ ಔಷಧದ ಪಟ್ಟ್ಯಾಗ ಆಕಿ ಹೆಸರ ಹತ್ತಿತು ಖರೆ, ಆದ್ರ ಆ ದಿನ ಆಕಿಗಿ ಅದರ ಮ್ಯಾಲ ಧ್ಯಾಸೇ ಇದ್ದಿಲ್ಲ. ಊರಿಗಿ ಹೊಳ್ಳಿ ಹೋಗೋವಾಗ ಬಸ್ ತಾಜಸುಲ್ತಾನಪುರಕ್ಕ ಬಂದ ಕೂಡ್ಲೇ ಇಳದೇ ಬಿಟ್ಟಳು.

ಮರೆಮ್ಮ ಕಟ್ಟಿ ಮ್ಯಾಲ ತೊಗರಿ ಹಸನ ಮಾಡಾಕತ್ತಿದ್ದಳು. ದುಂಡಮ್ಮ ನಿಂತಲ್ಲೇ ಅಂದಳು, "ಬೀಗತಿ, ಆ ಡಬ್ಬಿ ನಂದಿತ್ತು."

ಮರೆಮ್ಮ ಕೈಯಾಗಿನ ಮೊರ ಕೆಳಗಿಟ್ಟಿಲ್ಲ. "ನನ್ನ ಮಗಳು ಎಂಥಾಕಿ ಅಂತ ನನಗ ಗೊತ್ತದ. ನಿಮ್ಮ ಮಗ ಆಕಿಗಿ ಈ ಕಟ್ಟಿ ಮ್ಯಾಲ ಬಿಟ್ಟಿದ್ದು ಓಣಿ ಮಂದಿ ನೋಡ್ಯಾರ. ಆ ಚಾಂದಬಿ ಅಂತೂ ನೀರಿಗಿ ಹೋದಾಗೆಲ್ಲಾ ಇನ್ನಾ ಹಂಗಸ್ತಾಳ. ಅವರಿಗಿ ಯಾರ ಹೇಳಬೇಕ್ರಿ?"

ದುಂಡಮ್ಮ ಅದೇ ಕಟ್ಟಿ ಮ್ಯಾಲ ಕುಂತಳು. ನೀರಿನ ಕೊಡ ಹೊತ್ತು ಬಂದವರಿಗೆಲ್ಲಾ ಕರದು ಕರದು ಹೇಳಿದಳು. ಬಾಯಿ ಅರ್ಧಾನೇ ತೆರೀತಿತ್ತು, ಒಬ್ಬೊಬ್ಬರಿಗಿ ಎರಡೆರಡ ಸಲ ಹೇಳಬೇಕಾಯ್ತು.

"ಸಾಕ್ರಿ ಅತ್ತಿ, ಕಮಲಾಪುರ ಬಸ್ ಬಂತು," ಅಂದಳು ಅಮೃತ.

"ಹೋಗ್ಲಿ ಬಿಡು," ಅಂದಳಂತ. "ಚಾಂದಬಿ ಇನ್ನಾ ಬಂದಿಲ್ಲ."