ದೊಡ್ಡವ್ವ ನೋಡಿದ ಸಮುದ್ರ

ಕರೆಂಟು ಹೋಗಿರಬಹುದಿತ್ತು. ಕರೆಂಟು ಹೋದಾಗ ಇನ್ವರ್ಟರ್ ಕೈಕೊಟ್ಟಿರಬಹುದಿತ್ತು. ಅದು ಕೈಕೊಡದಿದ್ದರೂ ಬ್ಯಾಟರಿಗೆ ನೀರು ಹಾಕುವುದನ್ನು ನಾನು ಮರೆತಿರಬಹುದಿತ್ತು. ರಾಯಚೂರಿನ ಬಿಸಿಲು ಪರದೆಯ ಸಂದಿಯಿಂದ ತೂರಿ ಮೀನಿನ ಗಾಜಿನ ತೊಟ್ಟಿಯ ನೀರನ್ನು ಬಚ್ಚಲ ಹಂಡೆಯ ನೀರಿನಷ್ಟು ಕಾಯಿಸಿರಬಹುದಿತ್ತು. ಬೋರಿನ ಗಡಸು ನೀರು ಫಿಲ್ಟರನ್ನು ತಿಂದುಹಾಕಿ ಸುಣ್ಣವನ್ನು ಒಳಗೆ ಬಿಟ್ಟಿರಬಹುದಿತ್ತು. ಉಪ್ಪಿನ ಅಳತೆ ತಪ್ಪಿರಬಹುದಿತ್ತು. ಹೆಂಡತಿ ಸಂಜೆ ಹಾಕುವ ಲೋಬಾನದ ಹೊಗೆ, ನೆಲ ಒರೆಸುವ ಫಿನಾಯಿಲು, ಸೊಳ್ಳೆಗೆ ಹೊಡೆಯುವ ಔಷಧಿ, ಇವುಗಳಲ್ಲಿ ಯಾವುದಾದರೂ ನೀರಿಗೆ ಇಳಿದಿರಬಹುದಿತ್ತು. ಗಾಜಿನ ಅಂಟು ಬಿಟ್ಟು, ಸಮುದ್ರವೆಲ್ಲ ಮೆಟ್ಟಿಲಿಳಿದು ಕೆಳಗಿನ ಮನೆಯವರ ಜೋಳದ ಚೀಲಗಳನ್ನು ನೆನೆಸಿರಬಹುದಿತ್ತು.

ಇಷ್ಟನ್ನೂ ನಾನು ಮುಂಚಿತವಾಗಿಯೇ ಚಿಂತಿಸಿ ಮುಗಿಸಿದ್ದೆ. ಬಸ್ಸು ಹತ್ತುವ ಮೊದಲೇ ಪಂಕ್ಚರಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳುವ ಮನುಷ್ಯ ನಾನು. ಒಂದು ವಸ್ತುವಿನ ಬಗ್ಗೆ ಸಾಕಷ್ಟು ಚಿಂತೆ ಮಾಡಿದರೆ ಅದಕ್ಕೆ ಕೇಡಾಗುವುದಿಲ್ಲ ಎಂಬ ನಂಬಿಕೆಯಲ್ಲೇ ನನಗೆ ಐವತ್ತು ದಾಟಿತು.

ಸಮುದ್ರದಿಂದ ಇಷ್ಟು ದೂರದ ಊರಿನಲ್ಲಿ, ಮೊಟ್ಟೆ ಕಂಡರೂ ಮೂಗು ಮುರಿಯುವ ಮನೆಯಲ್ಲಿ, ಉಪ್ಪು ನೀರಿನ ತೊಟ್ಟಿ ಕಟ್ಟಿ ಹವಳ ಬೆಳೆಸಬೇಕೆಂದು ನನಗೇಕೆ ಅನ್ನಿಸಿತೋ ಹೇಳಲಾರೆ. ಹೈದರಾಬಾದಿನ ಒಂದು ಅಂಗಡಿಯಲ್ಲಿ ನೋಡಿದೆ. ನೀಲಿ ಬೆಳಕಿನ ಕೆಳಗೆ ಕಲ್ಲೊಂದು ಉಸಿರಾಡುತ್ತಿತ್ತು. ಅಷ್ಟೇ. ಕೆಳಗಿನ ಮನೆಯವರು ಮೊದಲ ದಿನವೇ ಕೇಳಿದರು:

"ಸರ್ರ, ಮೀನ ಸಾಕಾಕತ್ತೀರೋ, ಸಾರಿಗೆ ಇಟ್ಟೀರೋ?"

ಮಾನ್ವಿಯ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಇದನ್ನು ಹೇಳಲೇಬೇಕು, ಏಕೆಂದರೆ ಮೊದಲ ತೊಟ್ಟಿ ಸತ್ತದ್ದು ರಸಾಯನಶಾಸ್ತ್ರದಿಂದಲೇ. ಬೇಸಿಗೆಗೆ ನೀರು ಆವಿಯಾಗಿ ಇಳಿಯುತ್ತಿತ್ತು. ಇಳಿದಷ್ಟಕ್ಕೂ ನಾನು ಉಪ್ಪು ಬೆರೆಸಿದ ನೀರನ್ನೇ ತುಂಬುತ್ತಾ ಹೋದೆ. ಆವಿಯಾಗುವುದು ನೀರು, ಉಪ್ಪಲ್ಲ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುವವನು ನಾನೇ. ಒಳಗಿನ ಜೀವಗಳು ಉಪ್ಪಿನಕಾಯಿಯಾದವು. ಎರಡನೆಯ ತೊಟ್ಟಿ ಸತ್ತದ್ದು ಏಪ್ರಿಲ್ಲಿನ ಒಂದು ಮಧ್ಯಾಹ್ನ. ಕರೆಂಟಿಲ್ಲ, ಇನ್ವರ್ಟರ್ ಮಲಗಿದೆ, ನಾವಿಬ್ಬರೂ ಗುಂಜಹಳ್ಳಿಯಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದೇವೆ. ಮನೆಗೆ ಬಂದಾಗ ನೀರು ಹಾಲಿನಂತಾಗಿತ್ತು. ವಾಸನೆ ಮೆಟ್ಟಿಲಿನವರೆಗೂ ಬಂದು ನಮ್ಮನ್ನು ಎದುರುಗೊಂಡಿತು.

ಬಕೆಟ್ಟಿನಲ್ಲಿ ಅದನ್ನು ಎತ್ತಿ ಹಾಕುತ್ತಿದ್ದಾಗ ಹೆಂಡತಿ ಹೇಳಿದಳು: "ನೋಡ್ರಿ, ಇನ್ನೊಂದ ಸಲ ಮಾಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಅದೂ ಸತ್ತರ ಈ ಗಾಜಿನ ಪೆಟಿಗ್ಯಾಗ ಸೋನಾಮಸೂರಿ ತುಂಬತೀನಿ. ನಿಮ್ಮ ಮಾರಿ ನೋಡಾಕ ಆಗವಲ್ದು ನನಗ."

ಹೀಗಾಗಿ ಮೂರನೆಯದು ಕೊನೆಯದು. ಅದು ಅಕ್ಕಿಯ ಪೆಟ್ಟಿಗೆಯಾಗದಂತೆ ಉಳಿಸಿಕೊಳ್ಳುವುದೇ ನನ್ನ ಬದುಕಿನ ಕೆಲಸವಾಯಿತು. ಹೊಸ ಬ್ಯಾಟರಿ ಬಂತು. ನೀರು ತಣ್ಣಗಿಡುವ ಯಂತ್ರ ಬಂದು, ತನ್ನ ಬಿಸಿಯನ್ನೆಲ್ಲ ನಾವು ಕೂರುವ ಕಡೆಗೇ ಊದತೊಡಗಿತು. ಮೀನಿಗೆ ಊಟಿ, ನಮಗೆ ರಾಯಚೂರು. ಮಾನ್ವಿಯಲ್ಲಿ ಒಂದು ಪಾಠಕ್ಕೂ ಇನ್ನೊಂದು ಪಾಠಕ್ಕೂ ನಡುವೆ ಮನೆಗೆ ಫೋನು ಮಾಡುತ್ತಿದ್ದೆ.

"ಕರೆಂಟ್ ಅದ ಏನು?"

"ಅದ."

"ಮೀನ ತಿಂದ್ವೇನು?"

"ನಿಮ್ಮ ಮೀನ ಊಟ ಮಾಡ್ಯಾವ. ನಂದಿನ್ನೂ ಆಗಿಲ್ಲ. ಅದನ್ನೂ ಕೇಳ್ತೀರೇನು?"

ಆದರೂ ಈ ಸಲ ಬದುಕಿತು. ಹೆಬ್ಬೆರಳಿನಷ್ಟು ಕಲ್ಲಿನ ಮೇಲೆ ತಂದ ಹಸಿರು ಹವಳ ಪಕ್ಕದ ಕಲ್ಲಿಗೂ ಹಬ್ಬಿತು. ಬೆಳಿಗ್ಗೆ ದೀಪ ಹತ್ತಿದೊಡನೆ ಅದರ ನೂರಾರು ಪುಟ್ಟ ಬಾಯಿಗಳು ಸಜ್ಜೆಯ ತೆನೆಗೆ ಹೂ ಬಂದಂತೆ ಅರಳುತ್ತಿದ್ದವು. ಗಾಜು ನೆಕ್ಕುವ ಬಸವನಹುಳುಗಳು, ಕೆಂಪು ಗೀರಿನ ಒಂದು ಸಿಗಡಿ, ಕಿತ್ತಳೆ ಬಣ್ಣದ ಎರಡು ಮೀನು. ನಾನು ನೋಡಿಕೊಂಡ ಯಾವುದೂ ಅಷ್ಟು ಚೆನ್ನಾಗಿ ಬೆಳೆದಿರಲಿಲ್ಲ. ಅದು ಇನ್ನಷ್ಟು ಚಿಂತೆಗೆ ಕಾರಣವಾಯಿತು.

ಆಗಲೇ ದೇವದುರ್ಗದಿಂದ ದೊಡ್ಡವ್ವ ಬಂದದ್ದು, ಕಣ್ಣಿನ ಪೊರೆ ತೆಗೆಸಲಿಕ್ಕೆ. ಅವ್ವ ನಾನು ಸಣ್ಣವನಿದ್ದಾಗಲೇ ತೀರಿಹೋದಳು. ನನ್ನನ್ನು ಸಾಕಿದವಳು ಈ ದೊಡ್ಡವ್ವ. ಆಪರೇಷನ್ನಿಗೆ ಮೊದಲು ದೇವಸುಗೂರಿನ ಸೂಗೂರೇಶನಿಗೆ ಕೈ ಮುಗಿಯಲೇಬೇಕೆಂದಳು. ಕರೆದುಕೊಂಡು ಹೋದೆ. ಗುಡಿಯಾದ ಮೇಲೆ ಹೊಳೆಗೆ ಇಳಿದು, ಸೆರಗಿನ ಗಂಟು ಬಿಚ್ಚಿ, ಏನನ್ನೋ ಕೃಷ್ಣೆಗೆ ಹಾಕಿ, "ಗಂಗವ್ವಾ" ಎಂದು ಕೈ ಮುಗಿದಳು. ಹೊಳೆ ಕಂಡಾಗಲೆಲ್ಲ ಹಾಗೆ ಮಾಡುತ್ತಾಳೆ. ಜಾರಿ ಬಿದ್ದಾಳೆಂಬ ಚಿಂತೆಯಲ್ಲಿ ನಾನು ಅವಳ ಕಾಲನ್ನೇ ನೋಡುತ್ತಿದ್ದೆ.

ಆಪರೇಷನ್ ಆಗಿ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಕಪ್ಪು ಚಷ್ಮಾ ಹಾಕಿಕೊಂಡು ತೊಟ್ಟಿಯ ಮುಂದೆ ಕೂತವಳು ಏಳಲೇ ಇಲ್ಲ.

"ಯಪ್ಪಾ, ಇದು ಖರೇನ ಸಮುದ್ರದ್ದ?"

ಅಂಗಡಿಯ ಪುಡಿ ಬೆರೆಸಿದ ಬೋರಿನ ನೀರು ಎನ್ನಬಹುದಿತ್ತು. ಅನ್ನಲಿಲ್ಲ. "ಖರೇನ ಸಮುದ್ರ, ದೊಡ್ಡವ್ವಾ. ಒಂದ ಚೂರು ತಂದು ಇಟ್ಟೀನಿ" ಎಂದೆ. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. "ಅಯ್ಯ ಶಿವನ! ಉಪ್ಪ ಉಪ್ಪ!" ತನ್ನ ಕೊರಳಿನ ಹವಳದ ಸರವನ್ನು ಗಾಜಿಗೆ ಹಿಡಿದು, "ಇದು ಹಿಂಗ ಹೂ ಬಿಡ್ತಿತ್ತಾ ಮೊದಲ?" ಎಂದಳು. ಬಸವನಹುಳುಗಳನ್ನು ತೋರಿಸಿದಾಗ, "ಬಸವಣ್ಣನೂ ಇದ್ದಾನ ಅಂದ್ರ ಇದು ನಮ್ಮ ಮಂದಿ ಸಮುದ್ರನಽ" ಎಂದು ತಾನೇ ನಕ್ಕಳು.

ಅವಳು ಇದ್ದಷ್ಟು ದಿನವೂ ನಾನು ಥರ್ಮಾಮೀಟರು ನೋಡುವುದನ್ನು, ಉಪ್ಪು ಅಳೆಯುವುದನ್ನು, ಫ್ಯಾನು ನಿಧಾನವಾದರೆ ಓಡಿ ಬರುವುದನ್ನು ಆ ಹೊಸ ಕಣ್ಣಿನಿಂದ ನೋಡಿದಳು.

"ನೀ ಯಾಕ ಹಿಂಗ ಒಣಗಿ ಹೋಗೀಯೋ? ನೀರಿನ ಮುಂದ ಕುಂತು ಯಾರರ ಒಣಗತಾರೇನು?"

"ಮನ್ಯಾಗ ಎಲ್ಲಾರೂ ಹಂಗ ಕೇಳ್ತೀವಿ, ಅತ್ತಿ" ಎಂದಳು ಹೆಂಡತಿ.

ದೊಡ್ಡವ್ವನನ್ನು ದೇವದುರ್ಗದ ಬಸ್ಸಿಗೆ ಹತ್ತಿಸಿ ಬಂದ ವಾರದಲ್ಲಿ ಒಂದು ಬಸವನಹುಳು ಗಾಜಿನಿಂದ ಕಳಚಿ ಬಿತ್ತು. ಎತ್ತಿ ನಿಲ್ಲಿಸಿದೆ. ಮತ್ತೆ ಬಿತ್ತು. ಆಮೇಲೆ ಒಂದೊಂದಾಗಿ ಎಲ್ಲವೂ. ಸಿಗಡಿ ಮಗ್ಗುಲಾಗಿ ಬಿದ್ದು, ಮೀಸೆ ಮಾತ್ರ ಅಲ್ಲಾಡಿಸುತ್ತಾ ಒಂದಿಡೀ ಸಂಜೆ ಕಳೆಯಿತು. ಹವಳ ಬಾಯಿ ಮುಚ್ಚಿತು. ಬೆಳಿಗ್ಗೆ ದೀಪ ಹತ್ತಿದರೂ ಅರಳಲಿಲ್ಲ. ನಾನು ಮುಂದೆ ಕೂತು, ಮುನಿಸಿಕೊಂಡವರನ್ನು ಕಾಯುವಂತೆ ಕಾದೆ. ಮೀನೆರಡು ಮಾತ್ರ ಏನೂ ಆಗಿಲ್ಲವೆಂಬಂತೆ ಊಟಕ್ಕೆ ಬಾಯಿ ತೆರೆಯುತ್ತಿದ್ದವು.

ಎಲ್ಲ ಅಳತೆ ನೋಡಿದೆ. ಎಲ್ಲವೂ ಸರಿಯಾಗಿತ್ತು. ಸರಿಯಾಗಿರುವುದು ಎಷ್ಟು ಭಯಾನಕ ಎಂದು ಆಗಲೇ ತಿಳಿದದ್ದು. ನೀರು ಬದಲಿಸಿದೆ, ಮತ್ತೆ ಬದಲಿಸಿದೆ. ಲೋಬಾನ ನಿಲ್ಲಿಸಿದೆ. ಹೈದರಾಬಾದಿನ ಅಂಗಡಿಯವನಿಗೆ ಫೋನು ಮಾಡಿದರೆ, ಮೀನು ಬದುಕಿ ಉಳಿದದ್ದೆಲ್ಲ ಸಾಯುತ್ತಿದ್ದರೆ ತಾಮ್ರ ಸೇರಿರಬಹುದು, ಹುಡುಕಿ ಎಂದ. ನನಗೆ ಸಿಟ್ಟು ಬಂತು. ತಾಮ್ರದ ಮೈಲುತುತ್ತ ಯಾವ ಯಾವ ಜೀವಕ್ಕೆ ವಿಷವೆಂದು ಪಾಠ ಹೇಳುವವನಿಗೇ ಇವನು ತಾಮ್ರ ಹೇಳುತ್ತಾನೆ. ಆದರೂ ದೇವರ ಮನೆಯ ತಾಮ್ರದ ತಂಬಿಗೆಯನ್ನು ಅಟ್ಟಕ್ಕೆ ಹಾಕಿದೆ. ಪಂಪಿನ ವೈರು ಬಿಚ್ಚಿ ನೋಡಿದೆ. ಹೆಂಡತಿಯ ಬಳೆಗಳನ್ನೂ ಸಂಶಯದಿಂದ ನೋಡಿದೆ.

"ಬಂಗಾರ ಅವು. ನೀವ ಮಾಡಿಸಿದ್ದು. ಅದರಾಗೂ ತಾಮ್ರ ಕಲಸ್ಯಾರೇನು?"

ನಗಲಾಗಲಿಲ್ಲ. ಹವಳ ಬೂದಿ ಬಣ್ಣಕ್ಕೆ ತಿರುಗಿ, ಕೈ ತಾಗಿದರೆ ಸಿಪ್ಪೆಯಂತೆ ಸುಲಿದು ನೀರಿನಲ್ಲಿ ತೇಲಿತು. ಕೆಳಗೆ ಬಿಳಿ ಕಲ್ಲು ಕಂಡಿತು. ಚಿಂತೆ ಮಾಡಲು ಇನ್ನೇನೂ ಉಳಿಯದೆ ನಾನು ತೊಟ್ಟಿಯ ಮುಂದಿನ ಕುರ್ಚಿಯಲ್ಲಿ ಸುಮ್ಮನೆ ಕೂತೆ. ಅಂಥ ಸುಮ್ಮನೆ ನನಗೆ ಗೊತ್ತೇ ಇರಲಿಲ್ಲ. ಹೆಂಡತಿ ಅಕ್ಕಿಯ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು.

ಒಂದು ಭಾನುವಾರ ದೊಡ್ಡವ್ವನ ಫೋನು ಬಂತು.

"ಯಪ್ಪಾ, ಹ್ಯಾಂಗದ ನಿನ್ನ ಸಮುದ್ರ?"

"ಚಲೋ ಅದ, ದೊಡ್ಡವ್ವಾ."

"ಇರಬೇಕಽ. ನಿನ್ನ ಮಾರಿ ನೋಡಿ ನನಗ ಸಂಕಟ ಆತು. ಊರಿಗೆ ಹೊಂಡೋ ಮುಂದ ನಿನ್ನ ಚಿಂತಿನ ಗಂಗವ್ವಗ ಒಪ್ಪಿಸಿ ಬಂದೀನಿ. ಕಲ್ಲಿನ ಹಿಂದ ಹಾಕೀನಿ, ಮೀನಕ್ಕ ತಾಕಬಾರದಂತ."

"ಏನ ಹಾಕೀದಿ?"

"ದುಡ್ಡ. ಹೊಳಿಗೆ ಹಾಕಂಗಿಲ್ಲೇನು? ಈಗಿನ ರೂಪಾಯಿ ಅಲ್ಲೋ, ಅದು ಕಬ್ಬಿಣ, ಗಂಗವ್ವ ಒಲ್ಲೆ ಅಂತಾಳ. ನಮ್ಮತ್ತಿ ಕೊಟ್ಟಿದ್ದು, ನಿಜಾಮರ ಕಾಲದ್ದು. ಹೊಳಿಗೆ ಹಾಕಿ ಹಾಕಿ ಅದೊಂದಽ ಉಳದಿತ್ತು. ಸಮುದ್ರಕ್ಕ ಅಂದ ಮ್ಯಾಲ ಅದನ್ನ ಹಾಕಬೇಕಲ್ಲ." ಆಮೇಲೆ ಕೇಳಿದಳು: "ಈಗ ಚಿಂತಿ ಕಡಿಮಿ ಆಗ್ಯಾದ ಇಲ್ಲೋ?"

"ಆಗ್ಯಾದ, ದೊಡ್ಡವ್ವಾ" ಎಂದೆ. ಅದು ಸುಳ್ಳೂ ಆಗಿರಲಿಲ್ಲ.

ಫೋನು ಇಟ್ಟು, ಅಂಗಿಯ ತೋಳು ಮಡಚಿ, ಬರಿದಾದ ಕಲ್ಲಿನ ಹಿಂದೆ ಕೈ ಇಳಿಸಿದೆ. ಮೀನೆರಡೂ ಊಟವೆಂದುಕೊಂಡು ಮುಂಗೈಯ ಸುತ್ತ ಬಂದವು. ಮರಳಿನಲ್ಲಿ ಬೆರಳಿಗೆ ಸಿಕ್ಕಿತು: ಉಗುರಿಗಿಂತ ತುಸು ದೊಡ್ಡದು, ಸವೆದು ಅಕ್ಷರ ಅಳಿಸಿದ್ದು, ಅಂಚಿನಲ್ಲೆಲ್ಲ ಹಸಿರು ಕಿಲುಬು ಹಿಡಿದದ್ದು.